ಗೊರಕೆಗೆ ಯಂತ್ರ ಬಂತು, ರಿಪೇರಿಗೆ ಯಾರು ಬರುತ್ತಾರೆ?

ಸ್ಲೀಪ್ ಸ್ಟಡಿಯ ವರದಿ ನೋಡಿ ವೈದ್ಯರು ‘ಸಿಪ್ಯಾಪ್ ಹಾಕಿಕೊಳ್ಳಬೇಕು’, ಅಂದರೆ ಮಾಸ್ಕಿನಿಂದ ಗಾಳಿ ಊದುವ ಯಂತ್ರ ಬೇಕು ಎಂದ ಮೇಲೆ ಮಂಗಳೂರಿನ ರೋಗಿಯ ಕೈಗೆ ಹೆಚ್ಚಾಗಿ ಸಿಗುವುದು ಒಂದು ಫೋನ್ ನಂಬರ್. ಆಸ್ಪತ್ರೆಯ ಕೌಂಟರಿನವರು ಬರೆದುಕೊಟ್ಟದ್ದಿರಬಹುದು, ವರದಿಗೆ ಪಿನ್ ಮಾಡಿದ ವಿಸಿಟಿಂಗ್ ಕಾರ್ಡ್ ಇರಬಹುದು, ಪಕ್ಕದ ಬೆಂಚಿನವರು ‘ನಮ್ಮ ಅಣ್ಣನಿಗೆ ಇವರೇ ಕೊಟ್ಟದ್ದು’ ಎಂದು ಹೇಳಿದ್ದೂ ಇರಬಹುದು. ಮನೆಗೆ ಬಂದು ಫೋನ್ ಮಾಡಿದರೆ ಆಚೆಯವರು ಕಂಪನಿ, ಮಾಡೆಲ್, ರೇಟು ಹೇಳುತ್ತಾರೆ. ನಾವೂ ಅಷ್ಟನ್ನೇ ಕೇಳುತ್ತೇವೆ. ಇನ್ನೊಂದು ಕಡೆ ಎರಡು ಸಾವಿರ ಕಡಿಮೆಗೆ ಸಿಕ್ಕಿದರೆ ಅಲ್ಲಿಗೇ ಹೋಗುತ್ತೇವೆ.

ಮಾತ್ರೆಯನ್ನಾದರೆ ಹೀಗೆ ಕೊಳ್ಳಬಹುದು. ಹಂಪನಕಟ್ಟೆಯಲ್ಲಿ ತಂದರೂ ಸುರತ್ಕಲ್ಲಿನಲ್ಲಿ ತಂದರೂ ಅದೇ ಮಾತ್ರೆ. ಸಿಪ್ಯಾಪ್‌ನ ಕತೆ ಬೇರೆ. ಯಂತ್ರ ತಲೆದಿಂಬಿನ ಬದಿಯಲ್ಲಿ ಉಳಿಯುತ್ತದೋ ಅಟ್ಟ ಸೇರುತ್ತದೋ ಎನ್ನುವುದು ಅದನ್ನು ಯಾರ ಕೈಯಿಂದ ಕೊಂಡಿರಿ ಎನ್ನುವುದರ ಮೇಲೆ ನಿಂತಿದೆ. ಅಟ್ಟ ಸೇರಿದ ಯಂತ್ರಗಳನ್ನು ಈ ಊರಿನಲ್ಲಿ ನಾನು ನೋಡಿದ್ದೇನೆ. ನಲವತ್ತು, ಅರವತ್ತು, ಎಂಬತ್ತು ಸಾವಿರ ಕೊಟ್ಟು ಕೊಂಡವರ ಮನೆಗಳವು. ಯಂತ್ರ ಕೆಟ್ಟಿರಲಿಲ್ಲ. ಮಾಸ್ಕ್ ಸರಿಯಾಗಿ ಕೂರುತ್ತಿರಲಿಲ್ಲ, ಮೂಗು ಒಣಗುತ್ತಿತ್ತು, ರಾತ್ರಿ ಎರಡು ಗಂಟೆಗೆ ಟ್ಯೂಬಿನಿಂದ ನೀರು ಮುಖಕ್ಕೆ ಬರುತ್ತಿತ್ತು. ಕೊಟ್ಟವರಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಎರಡು ವಾರ ಒದ್ದಾಡಿ, ‘ನನಗಿದು ಆಗುವುದಿಲ್ಲ’ ಎಂದು ರೋಗಿ ಕೈಬಿಟ್ಟ. ಚಿಕಿತ್ಸೆ ಅಲ್ಲಿಗೆ ಮುಗಿಯಿತು, ಕಾಯಿಲೆ ಹಾಗೇ ಉಳಿಯಿತು.

ಸ್ಲೀಪ್ ಅಪ್ನಿಯಾ ಎಂಬ ಈ ಕಾಯಿಲೆ ಸಣ್ಣದಲ್ಲ. ನಿದ್ದೆ ಆಳಕ್ಕಿಳಿದಾಗ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೂ ತೀರಾ ಕುಗ್ಗಿದರೂ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಸಲ ಎನ್ನುವುದೇ ವರದಿಯಲ್ಲಿ ಎಎಚ್‌ಐ ಎಂದು ಕಾಣುವ ಸಂಖ್ಯೆ. 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಮಾತ್ರೆಗೆ ಬಗ್ಗದ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಎಲ್ಲದರ ಹಿಂದೆಯೂ ಇದು ಇರಬಹುದು. ವಾಹನ ಓಡಿಸುವವರಿಗೆ ಅಪಘಾತದ ಅಪಾಯ ಎರಡು ಪಟ್ಟಿಗೂ ಹೆಚ್ಚು. ರಾತ್ರಿ ಬಸ್ಸು, ಲಾರಿಗಳು ಸಾಲುಗಟ್ಟಿ ಶಿರಾಡಿ ಘಾಟಿ ಹತ್ತಿಳಿಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಈ ತೊಂದರೆ ಇರಬಹುದು, ಅವರಲ್ಲಿ 4.7 ಕೋಟಿ ಜನರದ್ದು ಮಧ್ಯಮ ಅಥವಾ ತೀವ್ರ ಮಟ್ಟದ್ದು ಎಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಅಂದಾಜು ಮಾಡಿದರು. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ಹೆಸರಿತ್ತು. ಆಗ ಅದು ಮನೆಮಾತಾಯಿತು.

ಸಿಪ್ಯಾಪ್ ಬರುವ ಮೊದಲು ತೀವ್ರ ರೋಗಿಗಳಿಗೆ ಇದ್ದ ದಾರಿ ಕತ್ತಿನಲ್ಲಿ ರಂಧ್ರ ಮಾಡುವ ಶಸ್ತ್ರಚಿಕಿತ್ಸೆ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒಂದೇ ಸಮನೆ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ತಡೆದರು. ಐವರು ರೋಗಿಗಳ ಫಲಿತಾಂಶ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂದಿನ ಯಂತ್ರ ಅಂಗೈ ಅಗಲಕ್ಕೆ ಇಳಿದಿರಬಹುದು, ಫೋನಿನ ಜೊತೆ ಮಾತಾಡಬಹುದು. ಕೆಲಸ ಮಾತ್ರ ಅದೇ: ಎಷ್ಟು ಒತ್ತಡ ಬೇಕೋ ಅಷ್ಟನ್ನು, ಸೋರದ ಮಾಸ್ಕಿನ ಮೂಲಕ, ರಾತ್ರಿಯಿಡೀ ಕೊಡುವುದು. ಒತ್ತಡ ಎಷ್ಟು ಎನ್ನುವುದು ವೈದ್ಯರ ಕೆಲಸ. ಮಾಸ್ಕ್ ಸೋರದಂತೆ ನೋಡುವುದು, ರಾತ್ರಿಯಿಡೀ ನಡೆಯುವಂತೆ ಮಾಡುವುದು ಮಾರುವವರ ಕೆಲಸ. ಅದಕ್ಕೇ ಯಂತ್ರದ ಕಂಪನಿಗಿಂತ ಮೊದಲು ಅಂಗಡಿಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ಪರೀಕ್ಷೆ ಒಬ್ಬರದು, ಮಾರಾಟ ಒಬ್ಬರದು

ಮಂಗಳೂರಿಗೆ ವೈದ್ಯರ ಬರವಿಲ್ಲ. 1848ರಿಂದ ನಡೆಯುತ್ತಿರುವ ವೆನ್‌ಲಾಕ್, 1880ರಲ್ಲಿ ಶುರುವಾದ ಫಾದರ್ ಮುಲ್ಲರ್, ಕೆಎಂಸಿ, ಆಚೆ ದೇರಳಕಟ್ಟೆಯಲ್ಲಿ ಸಾಲಾಗಿ ನಿಂತ ವೈದ್ಯಕೀಯ ಕಾಲೇಜುಗಳು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದವರೂ ಇಲ್ಲಿಗೇ ಬರುತ್ತಾರೆ. ಶ್ವಾಸಕೋಶ ತಜ್ಞರೂ ಇಎನ್‌ಟಿಯವರೂ ಗೊರಕೆಯ ರೋಗಿಯನ್ನು ನೋಡುತ್ತಾರೆ. ತೊಡಕಿರುವುದು ವೈದ್ಯರಿಂದ ಅಂಗಡಿಗೆ ಹೋಗುವ ದಾರಿಯಲ್ಲಿ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಮಾಡಿಸುವ ಪರೀಕ್ಷೆಯಲ್ಲಿ ಮಿದುಳಿನ ಅಲೆ, ಕಣ್ಣಿನ ಚಲನೆ, ಹೃದಯ, ಎದೆ, ಹೊಟ್ಟೆ, ಆಮ್ಲಜನಕ ಎಲ್ಲವೂ ದಾಖಲಾಗುತ್ತವೆ. ಮನೆಯಲ್ಲೇ ಮಾಡುವ ಪರೀಕ್ಷೆ ಸರಳ: ಮೂಗಿಗೊಂದು ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್. ನಾವು ನಿಜವಾಗಿ ಎಷ್ಟು ಹೊತ್ತು ಮಲಗಿದ್ದೆವು ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಎಚ್ಚರವಿದ್ದ ಹೊತ್ತೂ ಲೆಕ್ಕಕ್ಕೆ ಸೇರುವುದರಿಂದ ಎಷ್ಟೋ ಸಲ ಕಾಯಿಲೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಇದು ಸಾಕು. ಆದರೆ ಈ ಮನೆ ಪರೀಕ್ಷೆಯ ಪೆಟ್ಟಿಗೆ ಹಿಡಿದು ಬರುವವರು ಎಷ್ಟೋ ಕಡೆ ಯಂತ್ರ ಮಾರುವವರೇ. ಪರೀಕ್ಷೆ ‘ಫ್ರೀ’ ಎಂದೂ ಹೇಳುತ್ತಾರೆ. ಮಾರುವವರೇ ಪರೀಕ್ಷೆ ಮಾಡಿ, ಅವರ ಸಾಫ್ಟ್‌ವೇರ್ ತಾನಾಗಿ ಕೊಟ್ಟ ವರದಿ ತೋರಿಸಿ, ಯಾವ ಯಂತ್ರ ಬೇಕೆಂದೂ ಅವರೇ ಹೇಳುವುದು ಸರಿಯಲ್ಲ. ಅವರು ಕೆಟ್ಟವರೆಂದಲ್ಲ. ಮಾರಿದರೆ ಮಾತ್ರ ಹೊಟ್ಟೆ ತುಂಬುವವರ ಕೈಗೆ ನಿರ್ಧಾರ ಕೊಡಬಾರದು, ಅಷ್ಟೆ. ಪರೀಕ್ಷೆಯ ಮೂಲ ದಾಖಲೆಯನ್ನು ವೈದ್ಯರು ಕಣ್ಣಾರೆ ನೋಡಿ ಸಹಿ ಹಾಕಿದ್ದಾರೆಯೇ ಎಂದು ಕೇಳಿ. ಯಂತ್ರದ ಬಗೆ, ಒತ್ತಡ ಎರಡೂ ವೈದ್ಯರ ಚೀಟಿಯಲ್ಲಿ ಅಕ್ಷರದಲ್ಲಿ ಇರಲಿ.

ನಿರ್ಧಾರ ವೈದ್ಯರದ್ದೇ ಆಗಿರಬೇಕೆನ್ನುವುದರ ಮಹತ್ವ ಹೃದಯ ರೋಗಿಗಳ ವಿಷಯದಲ್ಲಿ ಕಹಿಯಾಗಿಯೇ ತಿಳಿದಿದೆ. ಮಿದುಳಿನಿಂದಲೇ ಉಸಿರಿನ ಸಂಕೇತ ತಪ್ಪುವ ಇನ್ನೊಂದು ಬಗೆಯ ಅಪ್ನಿಯಾಕ್ಕೆ ಎಎಸ್‌ವಿ ಎಂಬ ದುಬಾರಿ ಯಂತ್ರವಿದೆ. ಹೃದಯದ ಪಂಪಿಂಗ್ ಶಕ್ತಿ ಕುಂದಿದ 1,325 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಬಂದಾಗ, ಯಂತ್ರ ಹಾಕಿಕೊಂಡವರಲ್ಲೇ ಹೃದಯ ಸಂಬಂಧಿ ಸಾವು ಹೆಚ್ಚಿತ್ತು. ತಯಾರಿಸಿದ ಕಂಪನಿ ತಾನೇ ಮುಂದೆ ಬಂದು ಎಚ್ಚರಿಸಬೇಕಾಯಿತು. ‘ಇದು ಅದಕ್ಕಿಂತ ದೊಡ್ಡದು ಸಾರ್, ಇನ್ನೂ ಒಳ್ಳೆಯದು’ ಎನ್ನುವ ಅಂಗಡಿಯ ಮಾತು ಈ ವಿಷಯದಲ್ಲಿ ಎಷ್ಟು ಅಪಾಯದ್ದೆಂದು ಇದರಿಂದಲೇ ತಿಳಿಯಬಹುದು. ಸಿಪ್ಯಾಪ್ ಸಾಕಾಗುವವರಿಗೆ, ಉಸಿರೆಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್ ಹೇಳಿದರೆ ಕಾರಣವನ್ನು ವೈದ್ಯರ ಬಾಯಿಂದಲೇ ಕೇಳಿ. ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಇದ್ದವರಿಗೆ, ತೀರಾ ಸ್ಥೂಲಕಾಯದಿಂದ ಇಂಗಾಲದ ಡೈಆಕ್ಸೈಡ್ ಏರುವವರಿಗೆ ಬೈಪ್ಯಾಪ್ ನಿಜವಾಗಿಯೂ ಬೇಕಾಗಬಹುದು. ಅದನ್ನು ತೀರ್ಮಾನಿಸುವುದು ಅಂಗಡಿಯ ಕೆಲಸವಲ್ಲ.

ಅಂಗಡಿಯನ್ನು ಅಳೆಯುವ ಇನ್ನೊಂದು ಪರೀಕ್ಷೆ ಸುಲಭದ್ದು. ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ‘ಆಟೊ’ ಯಂತ್ರಗಳು ಪೆಟ್ಟಿಗೆಯಿಂದ ಬರುವಾಗ 4ರಿಂದ 20 (ಸೆಂ.ಮೀ. ನೀರಿನ ಒತ್ತಡ) ಎಂಬ ಅಗಲ ವ್ಯಾಪ್ತಿಯಲ್ಲಿ ಇರುತ್ತವೆ. ಒಳ್ಳೆಯ ಟೆಕ್ನಿಷಿಯನ್ ವೈದ್ಯರ ಚೀಟಿ ನೋಡಿ ಆ ವ್ಯಾಪ್ತಿಯನ್ನು ಕಿರಿದು ಮಾಡುತ್ತಾನೆ. ಚೀಟಿ ಕೇಳದೆ ಪ್ಲಗ್ ಸಿಕ್ಕಿಸಿ, ‘ಎಲ್ಲ ಆಟೊಮ್ಯಾಟಿಕ್’ ಎಂದು ಎದ್ದು ಹೋಗುವವನಿಂದ ಯಂತ್ರ ಕೊಳ್ಳಬೇಡಿ. ಭಾರೀ ದೇಹದವರಿಗೆ 4ರ ಒತ್ತಡದಲ್ಲಿ ಗಾಳಿಯೇ ಸಾಲದೆ ಉಸಿರುಗಟ್ಟಿದಂತಾಗುತ್ತದೆ. ಮೊದಲ ರಾತ್ರಿಯೇ ಹೆದರಿ ಮಾಸ್ಕ್ ಕಿತ್ತು ಬಿಸಾಡುವವರಲ್ಲಿ ಅನೇಕರ ತೊಂದರೆ ಇಷ್ಟೇ.

ಮಲಗಿಸಿ ನೋಡುವವರು

ಮಾಸ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಣ ಯಂತ್ರಕ್ಕೆ ಹೋಗುತ್ತದೆ, ಸೋಲು ಗೆಲುವು ಮಾಸ್ಕಿನಲ್ಲಿ ತೀರ್ಮಾನವಾಗುತ್ತದೆ.

ಬಿಜೈಯಲ್ಲಿ ನಮ್ಮ ಬಳಗದ ಹಿರಿಯರೊಬ್ಬರಿಗೆ ಮಾಸ್ಕ್ ಹಾಕಲು ಬಂದ ಹುಡುಗನ ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬ್ಯಾಗಿನಲ್ಲಿ ಒಂದಲ್ಲ, ನಾಲ್ಕು ಮಾಸ್ಕ್ ತಂದಿದ್ದ. ಮೊದಲು ಅಳತೆಯ ಹಾಳೆಯನ್ನು ಮೂಗಿಗೆ ಹಿಡಿದು ನೋಡಿದ. ಕುರ್ಚಿಯಲ್ಲಿ ಕೂರಿಸಿ ಹಾಕಿದಾಗ ಎಲ್ಲವೂ ಸರಿಯೇ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ‘ಒಮ್ಮೆ ಮಲಗಿ ಮಾಮ. ಕೂತಾಗ ಸರಿ ಇದ್ರೂ ಮಲಗಿದ್ರೆ ಗಾಳಿ ಹೋಗ್ತದೆ’ ಎಂದ. ಮಲಗಿದ ಕೂಡಲೇ ಕೆನ್ನೆ ಸಡಿಲಾಗಿ ಮೂಗಿನ ಮೇಲ್ಭಾಗದ ಬಳಿ ಗಾಳಿ ಸಿಳ್ಳೆ ಹಾಕತೊಡಗಿತು. ‘ನೀವು ಯಾವ ಬದಿ ಮಲಗೋದು?’ ಎಂದು ಕೇಳಿ ಆ ಬದಿಗೆ ಹೊರಳಿಸಿದ. ಒತ್ತಡವನ್ನು ಅವರ ಮಟ್ಟಕ್ಕೆ ಏರಿಸಿ, ಪಟ್ಟಿಗಳನ್ನು ಎರಡೂ ಕಡೆ ಒಟ್ಟಿಗೇ ಎಳೆದು, ಬೆರಳು ಹೋಗುವಷ್ಟು ಸಡಿಲ ಬಿಟ್ಟ. ಆಗಲೂ ಸೋರಿತು. ಎರಡನೆಯದನ್ನು ತೆಗೆದ. ಅದು ಮೂಗಿನ ಕೆಳಗಷ್ಟೇ ಕೂರುವಂಥದ್ದು. ಅವರ ದಪ್ಪ ಮೀಸೆ ಅಡ್ಡ ಬಂತು. ‘ಮೀಸೆ ತೆಗೀಬೇಕಾ?’ ಎಂದು ಅವರು ಗಾಬರಿಯಾದರು. ‘ಬೇಡ ಮಾಮ, ಇನ್ನೊಂದು ಉಂಟು’ ಎಂದು ಮೂರನೆಯದನ್ನು ಹಾಕಿದ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಆ ಹುಡುಗ ರೇಟಿನ ಮಾತು ಎತ್ತಲಿಲ್ಲ.

ಬಾಯಿ ತೆರೆದು ಮಲಗುವವರಿಗೆ ಮೂಗಿನ ಮಾಸ್ಕ್ ಸಾಲದೆ ಹೋಗಬಹುದು. ಮೂಗಿನ ಮೂಳೆ ಓರೆ ಇದ್ದವರಿಗೆ ಮೊದಲು ಇಎನ್‌ಟಿ ವೈದ್ಯರ ಸಲಹೆ ಬೇಕು. ಹಲ್ಲಿನ ಸೆಟ್ ರಾತ್ರಿ ತೆಗೆದಿಡುವವರಿಗೆ ಮುಖದ ಆಕಾರವೇ ಬದಲಾಗುವುದರಿಂದ ಸೆಟ್ ತೆಗೆದ ಮೇಲೆಯೇ ಅಳತೆ ಆಗಬೇಕು. ಇದನ್ನೆಲ್ಲ ಕೇಳುವ ಅಂಗಡಿ ನಿಮ್ಮನ್ನು ನೋಡುತ್ತಿದೆ ಎಂದರ್ಥ. ‘ಮೀಡಿಯಂ ಎಲ್ಲರಿಗೂ ಆಗ್ತದೆ’ ಎನ್ನುವ ಅಂಗಡಿ ತನ್ನ ಸ್ಟಾಕ್ ನೋಡುತ್ತಿದೆ. ಚಪ್ಪಲಿಯನ್ನೂ ನಾವು ಹಾಕಿ ನಾಲ್ಕು ಹೆಜ್ಜೆ ನಡೆದು ನೋಡದೆ ತರುವುದಿಲ್ಲ.

ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಮಾರುವವರು ತಾವಾಗಿಯೇ ಕೇಳಬೇಕು: ‘ಪೇಸ್‌ಮೇಕರ್ ಉಂಟಾ?’ ಹಲವು ಮಾಸ್ಕ್‌ಗಳ ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್, ಎದೆಯೊಳಗಿನ ಡಿಫಿಬ್ರಿಲೇಟರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಲೋಹದ ಕ್ಲಿಪ್ ಇದ್ದವರಿಗೆ ಅದು ಆಗುವುದಿಲ್ಲ. ಮಾಸ್ಕ್ ತಯಾರಿಸುವ ಕಂಪನಿಗಳಾದ ಫಿಲಿಪ್ಸ್ 2022ರಲ್ಲಿ, ರೆಸ್‌ಮೆಡ್ 2023ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟವು. ರೋಗಿಗಷ್ಟೇ ಅಲ್ಲ, ಅದೇ ಹಾಸಿಗೆಯಲ್ಲಿ ಮಲಗುವ ಗಂಡ ಅಥವಾ ಹೆಂಡತಿಗೆ ಅಂಥ ಸಾಧನ ಇದ್ದರೂ ತೊಂದರೆಯೇ. ಅಯಸ್ಕಾಂತವಿಲ್ಲದ ಮಾಸ್ಕ್‌ಗಳು ಬೇಕಾದಷ್ಟಿವೆ. ಈ ಪ್ರಶ್ನೆ ಕೇಳದ ಮಾರಾಟಗಾರನಿಗೆ ತಾನು ಏನು ಮಾರುತ್ತಿದ್ದೇನೆ ಎನ್ನುವುದೇ ಗೊತ್ತಿಲ್ಲ.

ಮಾಸ್ಕ್ ಬದಲಾಯಿಸಿಕೊಡುವ ಮಾತು ಮೊದಲೇ ಆಗಿರಲಿ. ಬಳಸಿದ ಮಾಸ್ಕನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ, ಅದು ಅಂಗಡಿಯವರಿಗೂ ನಷ್ಟ. ಹಾಗಿದ್ದೂ ಮೊದಲ ಕೆಲವು ವಾರ ಒಂದು ಸಲ ಬದಲಿಸಿಕೊಡುವವರು ಇದ್ದಾರೆ. ಎಲ್ಲಕ್ಕಿಂತ ಒಳ್ಳೆಯದು ಒಂದು ತಿಂಗಳು ಬಾಡಿಗೆಗೆ ತೆಗೆದುಕೊಂಡು, ಹೊಂದಿಕೊಂಡರೆ ಮಾತ್ರ ಕೊಳ್ಳುವುದು. ಬಾಡಿಗೆಯ ಹಣವನ್ನು ಕೊನೆಗೆ ಬೆಲೆಯಲ್ಲಿ ಕಳೆಯುತ್ತಾರೆಯೇ ಎಂದೂ ಕೇಳಿ. ಬಾಡಿಗೆಯ ಯಂತ್ರವಾದರೂ ಮಾಸ್ಕ್, ಟ್ಯೂಬ್, ಫಿಲ್ಟರ್ ಹೊಸದೇ ಇರಬೇಕು.

ಮಳೆ, ಸೆಕೆ, ಸಿಡಿಲು

ಬೆಂಗಳೂರಿನ ಗೋದಾಮಿನಿಂದ ಕೊರಿಯರ್ ಮಾಡುವವರಿಗೆ ಗೊತ್ತಿಲ್ಲದ, ಇಲ್ಲಿನ ಟೆಕ್ನಿಷಿಯನ್‌ಗೆ ಗೊತ್ತಿರಬೇಕಾದ ಸಂಗತಿಗಳಿವೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿದು. ಜೂನ್, ಜುಲೈಯಲ್ಲಿ ಬೆಳಗ್ಗೆ ತೊಳೆದು ತೂಗುಹಾಕಿದ ಟ್ಯೂಬ್ ರಾತ್ರಿಗೆ ಒಣಗಿರುವುದಿಲ್ಲ. ಹಸಿಹಸಿಯಾಗಿ ಬಳಸಿದರೆ ನಾಲ್ಕೇ ದಿನದಲ್ಲಿ ಕಮಟು ವಾಸನೆ. ಮಳೆಗಾಲಕ್ಕೆ ಎರಡು ಟ್ಯೂಬ್ ಇಟ್ಟುಕೊಳ್ಳಿ ಎಂದು ಹೇಳುವವರು ಮಾರಾಟಕ್ಕಾಗಿ ಹೇಳುತ್ತಿಲ್ಲ. ಬಿಸಿಲು ಬಂದ ದಿನ ಅಂಗಳದಲ್ಲಿ ಒಣಗಿಸಬೇಡಿ, ನೇರ ಬಿಸಿಲಿಗೆ ಸಿಲಿಕೋನ್ ಹಾಳಾಗುತ್ತದೆ. ಡೆಟಾಲ್ ಹಾಕಿ ತೊಳೆಯಲೇಬೇಡಿ, ಆ ಆವಿಯನ್ನು ರಾತ್ರಿಯಿಡೀ ಶ್ವಾಸಕೋಶಕ್ಕೆ ಎಳೆದುಕೊಳ್ಳುವವರು ನೀವೇ. ಸೌಮ್ಯ ಸೋಪು, ಉಗುರು ಬೆಚ್ಚಗಿನ ನೀರು ಸಾಕು. ಟ್ಯೂಬಿನೊಳಗೆ ಇರುವೆ ಹೊಕ್ಕುವುದು ನಮ್ಮ ಕಡೆ ಮಾಮೂಲು. ಹಗಲು ಎರಡೂ ತುದಿ ಮುಚ್ಚಿಡುವುದು, ರಾತ್ರಿ ಹಾಕಿಕೊಳ್ಳುವ ಮೊದಲು ಒಮ್ಮೆ ಕೊಡವಿ ಗಾಳಿ ಬಿಟ್ಟು ನೋಡುವುದು ಅಭ್ಯಾಸವಾಗಲಿ.

ನೀರು ಕಾಯಿಸಿ ಗಾಳಿಗೆ ತೇವ ಸೇರಿಸುವ ತೊಟ್ಟಿಯನ್ನು ತೋರಿಸಿ, ‘ಇಷ್ಟು ಸೆಕೆಯ ಊರಲ್ಲಿ ಹ್ಯುಮಿಡಿಫೈಯರ್ ಯಾಕೆ?’ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಫ್ಯಾನ್ ಹಾಕಿ ಕಿಟಕಿ ತೆರೆದು ಮಲಗುವವರಿಗೆ ಇಲ್ಲಿನ ಹವೆಯ ತೇವವೇ ಬಹುತೇಕ ಸಾಕು, ಹ್ಯುಮಿಡಿಫೈಯರನ್ನು ಕನಿಷ್ಠಕ್ಕೆ ಇಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಹಾಕಿದರೆ ಕೋಣೆಯ ಗಾಳಿ ಒಣಗುತ್ತದೆ, ಆಗ ಬೇಕು. ಆದರೆ ಯಂತ್ರದಿಂದ ಬರುವ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಕೋಣೆಯಲ್ಲಿನ ಟ್ಯೂಬಿಗೆ ತಾಗಿ ನೀರಾಗುತ್ತದೆ. ಮಧ್ಯರಾತ್ರಿ ಮುಖಕ್ಕೆ ಚಿಮ್ಮುವುದು ಅದೇ ನೀರು. ಯಂತ್ರವನ್ನು ತಲೆಗಿಂತ ತಗ್ಗಿನಲ್ಲಿ ಇಡುವುದು, ಟ್ಯೂಬನ್ನು ಹೊದಿಕೆಯೊಳಗೆ ಹಾಯಿಸುವುದು, ಎಸಿಯನ್ನು ಎರಡು ಡಿಗ್ರಿ ಏರಿಸುವುದು, ಆಗಲೂ ನಿಲ್ಲದಿದ್ದರೆ ಬಿಸಿಯಾಗುವ ಟ್ಯೂಬ್ ಹಾಕುವುದು. ಇಷ್ಟನ್ನು ಫೋನಿನಲ್ಲಿ ಎರಡು ನಿಮಿಷ ಹೇಳಿದ್ದರೆ ಅಟ್ಟ ಸೇರಿದ ಎಷ್ಟೋ ಯಂತ್ರಗಳು ಇಂದಿಗೂ ಓಡುತ್ತಿದ್ದವು. ತೊಟ್ಟಿಗೆ ಹಾಕುವ ನೀರು ಡಿಸ್ಟಿಲ್ಡ್ ಇರಬೇಕು. ಬಾವಿ, ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ದಿನವೂ ಉಳಿದ ನೀರು ಚೆಲ್ಲಿ ತೊಟ್ಟಿಯನ್ನು ಒಣಗಿಸಬೇಕು.

ಕರೆಂಟಿನ ಮಾತೂ ಇದೆ. ಮಳೆಗಾಳಿಗೆ ಮರ ಬಿದ್ದು ರಾತ್ರಿ ಕರೆಂಟ್ ಹೋಗುವುದು ನಗರದ ಹೊರವಲಯಕ್ಕೂ ಹಳ್ಳಿಗೂ ಹೊಸದಲ್ಲ. ಮನೆಯ ಇನ್ವರ್ಟರಿನಲ್ಲಿ ಯಂತ್ರ ಎಷ್ಟು ಹೊತ್ತು ಓಡುತ್ತದೆ, ಹ್ಯುಮಿಡಿಫೈಯರ್ ಆಫ್ ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ಮಾರುವವರು ಲೆಕ್ಕ ಹಾಕಿ ಹೇಳಬೇಕು. ವಿದ್ಯುತ್ ಹೆಚ್ಚು ತಿನ್ನುವುದು ನೀರು ಕಾಯಿಸುವ ತಟ್ಟೆಯೇ ಹೊರತು ಗಾಳಿಯ ಮೋಟರ್ ಅಲ್ಲ. ಇನ್ನು ಮೇ, ಅಕ್ಟೋಬರ್ ತಿಂಗಳ ಸಿಡಿಲು. ಟಿವಿಯ ಪ್ಲಗ್ ಕಿತ್ತಿಡುವ ನಾವು ಸಿಪ್ಯಾಪ್‌ನದ್ದನ್ನು ಮರೆಯುತ್ತೇವೆ. ಸಿಡಿಲಿಗೆ, ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಅಡಾಪ್ಟರ್ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ. ಆ ಅಡಾಪ್ಟರ್ ಮರುದಿನವೇ ಮಂಗಳೂರಿನಲ್ಲಿ ಸಿಗುತ್ತದೆಯೇ? ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಸೆಕೆ ಮತ್ತು ತೇವ ಯಂತ್ರದ ಒಳಗೂ ಕೆಲಸ ಮಾಡುತ್ತವೆ ಎನ್ನುವುದನ್ನು ಜಗತ್ತು 2021ರಲ್ಲಿ ಕಲಿಯಿತು. ಸದ್ದು ತಗ್ಗಿಸಲು ಯಂತ್ರದೊಳಗೆ ಹಾಕಿದ್ದ ಪಾಲಿಯುರಿಥೇನ್ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಸೇರಬಹುದು ಎಂದು ಫಿಲಿಪ್ಸ್ ಆ ವರ್ಷದ ಜೂನ್‌ನಲ್ಲಿ ಪ್ರಕಟಿಸಿತು. ಜಗತ್ತಿನಾದ್ಯಂತ ಸುಮಾರು 55 ಲಕ್ಷ ಯಂತ್ರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಬಿಸಿ ಮತ್ತು ತೇವದ ಹವೆ, ಓಝೋನ್ ಬಿಟ್ಟು ಶುಚಿ ಮಾಡುವ ಉಪಕರಣ ಈ ಹಾನಿಯನ್ನು ಹೆಚ್ಚಿಸಬಹುದೆಂದು ಎಚ್ಚರಿಕೆಯೂ ಜೊತೆಗಿತ್ತು. ನಮ್ಮ ಕರಾವಳಿಯ ಹವೆ ಅದರಲ್ಲಿ ಬಣ್ಣಿಸಿದ ಹವೆಯೇ. 2024ರಲ್ಲಿ ಕಂಪನಿ ಅಮೆರಿಕದಲ್ಲಿ ಹೊಸ ಯಂತ್ರಗಳ ಮಾರಾಟವನ್ನೇ ನಿಲ್ಲಿಸಿತು. ಯಂತ್ರಗಳನ್ನು ಹಿಂದಕ್ಕೆ ಪಡೆದಾಗ, ಯಾರಿಗೆ ಯಾವ ಸೀರಿಯಲ್ ನಂಬರಿನ ಯಂತ್ರ ಕೊಟ್ಟೆ ಎಂದು ಬರೆದಿಟ್ಟುಕೊಂಡಿದ್ದ ಅಂಗಡಿ ತನ್ನ ಗಿರಾಕಿಗಳಿಗೆ ಫೋನ್ ಮಾಡಿ ಹೇಳಬಹುದಿತ್ತು. ಪುಸ್ತಕ ಇಡದ ಅಂಗಡಿಯ ಗಿರಾಕಿಗೆ ಸುದ್ದಿ ತಲುಪುವ ದಾರಿಯೇ ಇರಲಿಲ್ಲ. ಬಿಲ್ ಬೇಡ, ರೇಟು ಕಡಿಮೆ ಮಾಡಿ ಎನ್ನುವವರು ಇದನ್ನು ನೆನಪಿಡಬೇಕು.

ಗೋಡೆಯ ಮೇಲಿನ ಸರ್ಟಿಫಿಕೇಟ್

ಎಲ್ಲ ವೈದ್ಯಕೀಯ ಸಾಧನಗಳೂ 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. 2022ರ ಸೆಪ್ಟೆಂಬರ್ ಕೊನೆಯ ತಿದ್ದುಪಡಿಯಂತೆ, ಔಷಧ ಮಾರಾಟದ ಲೈಸೆನ್ಸ್ ಇಲ್ಲದೆ ಸಾಧನಗಳನ್ನಷ್ಟೇ ಮಾರುವ ಅಂಗಡಿಗೆ ಎಂಡಿ-42 ಎಂಬ ನೋಂದಣಿ ಪತ್ರ ಬೇಕು. ಅದನ್ನು ಕಾಣುವಂತೆ ತೂಗುಹಾಕಿರಬೇಕು. ನೋಡಿ ಬರಲು ಸಂಕೋಚವೇನೂ ಬೇಡ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಆಮದು ಲೈಸೆನ್ಸ್ ನಂಬರ್, ಎಂಆರ್‌ಪಿ ಅಚ್ಚಾಗಿರಬೇಕು. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಜಿಎಸ್‌ಟಿ ಇರಬೇಕು. ಎಂಆರ್‌ಪಿಗೂ ಮಾರುವ ಬೆಲೆಗೂ ಭಾರೀ ಅಂತರ ಇರುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ‘ನಲವತ್ತು ಪರ್ಸೆಂಟ್ ಕಮ್ಮಿ’ ಎಂದದ್ದಕ್ಕೆ ಮರುಳಾಗದೆ ಎರಡು ಮೂರು ಕಡೆ ಕೊನೆಯ ಬೆಲೆ ಕೇಳಿ ಹೋಲಿಸಿ.

ಮಂಗಳೂರಿಗೇ ವಿಶೇಷವಾದ ಇನ್ನೊಂದು ದಾರಿ ಕೊಲ್ಲಿಯದ್ದು. ದುಬೈ, ದೋಹಾ, ಕುವೈತಿನಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಯಂತ್ರ ತರುತ್ತಾನೆ. ಪ್ರೀತಿಯ ಕೆಲಸ, ಅಲ್ಲಗಳೆಯುವುದಿಲ್ಲ. ಯಂತ್ರ 100ರಿಂದ 240 ವೋಲ್ಟಿನಲ್ಲಿ ಓಡುತ್ತದೆ, ಪ್ಲಗ್ ಬದಲಿಸಿದರೆ ಮುಗಿಯಿತು. ವಾರಂಟಿ ಮಾತ್ರ ಹೆಚ್ಚಾಗಿ ಕೊಂಡ ದೇಶಕ್ಕೇ ಸೀಮಿತ. ಆರು ತಿಂಗಳಲ್ಲಿ ಕೆಟ್ಟರೆ ಮುಂದಿನ ರಜೆಯವರೆಗೆ ಕಾಯಬೇಕು. ಅಳಿಯನಿಗೆ ಹೇಳುವುದಿದ್ದರೆ ಮಾಸ್ಕಿನ ಕುಷನ್, ಫಿಲ್ಟರ್ ತರಲು ಹೇಳಿ. ಯಂತ್ರವನ್ನು ಇಲ್ಲಿಯೇ ಕೊಳ್ಳಿ. ಆನ್‌ಲೈನ್ ಖರೀದಿಯ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ಅಳತೆ ಗೊತ್ತಾದ ಮೇಲೆ ಬಿಡಿಭಾಗಗಳನ್ನು ಅಲ್ಲಿ ತರಿಸಬಹುದು, ಮೊದಲ ಯಂತ್ರವನ್ನಲ್ಲ.

ಕೊಂಡ ಮೇಲಿನ ಮೂವತ್ತು ದಿನ

ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಸಿಪ್ಯಾಪ್‌ಗೆ ಹಣ ಮುಂದುವರಿಸಲು ಒಂದು ಲೆಕ್ಕ ಇಟ್ಟಿದೆ: ಮೊದಲ ಮೂರು ತಿಂಗಳೊಳಗೆ, ಎಡೆಬಿಡದ 30 ದಿನಗಳಲ್ಲಿ ಶೇ 70ರಷ್ಟು ರಾತ್ರಿ ಕನಿಷ್ಠ 4 ಗಂಟೆ ಬಳಸಿರಬೇಕು. ಇಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಮನೆ ಬಳಕೆಯ ಯಂತ್ರಕ್ಕೆ ಹೆಚ್ಚಿನ ಆರೋಗ್ಯ ವಿಮೆಗಳು ಹಣ ಕೊಡುವುದೇ ಇಲ್ಲ. ಕೇಂದ್ರ ಸರ್ಕಾರಿ ನೌಕರರು, ನಿವೃತ್ತರು, ಮಾಜಿ ಸೈನಿಕರು ತಮ್ಮ ಆರೋಗ್ಯ ಯೋಜನೆಗಳಾದ ಸಿಜಿಎಚ್‌ಎಸ್, ಇಸಿಎಚ್‌ಎಸ್ ಅಡಿ ಕೊಳ್ಳುವ ಮೊದಲೇ ಅನುಮತಿ ಕೇಳಬೇಕು. ಕೊಂಡು ಬಂದು ಬಿಲ್ ಒಡ್ಡಿದರೆ ಹಣ ಸಿಗದೆ ಹೋಗಬಹುದು.

ಆದ್ದರಿಂದ ಮೊದಲ ತಿಂಗಳ ಲೆಕ್ಕವನ್ನು ಕೇಳುವವರು ಅಂಗಡಿಯವರೇ ಆಗಬೇಕು. ಯಂತ್ರದ ಮೆಮೊರಿ ಕಾರ್ಡಿನಲ್ಲಿ ಅಥವಾ ಫೋನಿನ ಆ್ಯಪ್‌ನಲ್ಲಿ ಎಲ್ಲವೂ ಇರುತ್ತದೆ: ಎಷ್ಟು ಗಂಟೆ ಬಳಸಿದಿರಿ, ಎಷ್ಟು ಸೋರಿತು, ಎಎಚ್‌ಐ ಎಷ್ಟಕ್ಕೆ ಇಳಿಯಿತು. ಒಂದು ವಾರವಾದ ಮೇಲೆ ಒಮ್ಮೆ, ತಿಂಗಳಾದ ಮೇಲೆ ಮತ್ತೊಮ್ಮೆ ಆ ವರದಿ ತೆಗೆದು ವೈದ್ಯರಿಗೆ ಕಳಿಸಿಕೊಡುತ್ತೀರಾ ಎಂದು ಕೊಳ್ಳುವ ಮೊದಲೇ ಕೇಳಿ, ಒಪ್ಪಿದ್ದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ‘ಕಾರ್ಡಿನ ಮಾಹಿತಿ ಕಂಪನಿಗೆ ಮಾತ್ರ’ ಎನ್ನುವವರನ್ನು ನಂಬಬೇಡಿ. ಅದು ನಿಮ್ಮ ಉಸಿರಿನ ದಾಖಲೆ. ಕಂಪ್ಯೂಟರ್ ಬಳಸಬಲ್ಲ ಮಕ್ಕಳಿದ್ದರೆ ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹಲವು ಕಂಪನಿಗಳ ಯಂತ್ರದ ಕಾರ್ಡನ್ನು ಮನೆಯಲ್ಲೇ ಓದಬಹುದು. ಒತ್ತಡ ಬದಲಿಸುವುದು ಮಾತ್ರ ವೈದ್ಯರನ್ನು ಕೇಳಿಯೇ.

ಕೆಟ್ಟಾಗ ಏನು? ದೊಡ್ಡ ದುರಸ್ತಿಗೆ ಯಂತ್ರವನ್ನು ಹೆಚ್ಚಾಗಿ ಊರಿನ ಹೊರಗೆ, ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸುತ್ತಾರೆ. ಹೋಗಿ ಬರಲು ಎರಡು ವಾರ ಹಿಡಿದರೆ ಆ ಎರಡು ವಾರ ರೋಗಿ ಏನು ಮಾಡಬೇಕು? ನಾನು ಅಂಗಡಿಗಳನ್ನು ತೂಗುವುದು ಈ ಒಂದು ಪ್ರಶ್ನೆಯಿಂದ. ‘ಸ್ಟ್ಯಾಂಡ್‌ಬೈ ಮೆಷಿನ್ ಉಂಟು, ಅದೇ ಸೆಟ್ಟಿಂಗ್ ಹಾಕಿ ಕೊಡ್ತೇವೆ’ ಎನ್ನುವವರು ಎರಡು ಸಾವಿರ ಹೆಚ್ಚು ಕೇಳಿದರೂ ಕೊಡಬಹುದು. ಕೊರೊನಾದ ಎರಡನೇ ಅಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಜೊತೆ ಬೈಪ್ಯಾಪ್ ಮಾರಲು ಇಳಿದವರಲ್ಲಿ ಎಷ್ಟೋ ಮಂದಿ ಅಲೆ ಇಳಿದ ಮೇಲೆ ಕಾಣಲಿಲ್ಲ. ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ, ಟೆಕ್ನಿಷಿಯನ್ ಅವರದ್ದೇ ಸಂಬಳದವನೋ ಕರೆದಾಗ ಬರುವವನೋ, ಅವನು ಉಡುಪಿಯಿಂದ ಕಾಸರಗೋಡಿನವರೆಗೆ ಒಬ್ಬನೇ ಓಡಾಡುತ್ತಾನೋ ವಿಚಾರಿಸಿ. ಮಂಜೇಶ್ವರ, ಕುಂಬಳೆಯವರು ತಲಪಾಡಿ ದಾಟಿ ಮನೆಗೆ ಬರುತ್ತೀರಾ ಎಂದು ಮೊದಲೇ ಕೇಳಿರಲಿ. ಅದೇ ಅಂಗಡಿಯಿಂದ ಎರಡು ವರ್ಷದ ಹಿಂದೆ ಕೊಂಡವರೊಬ್ಬರ ಮಾತು ಹತ್ತು ಜಾಹೀರಾತಿಗಿಂತ ಮೇಲು.

ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಕಾಸರಗೋಡಿನವರು ಇಲ್ಲಿಗೆ ಅಲೆಯಬೇಕಿಲ್ಲ. ಯಂತ್ರದಿಂದಲೇ ದೇಹಕ್ಕೆ ತೊಂದರೆಯಾದರೆ ವೈದ್ಯಕೀಯ ಸಾಧನಗಳ ಅಡ್ಡಪರಿಣಾಮ ದಾಖಲಿಸಲು 2015ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದರ ಉಚಿತ ಸಹಾಯವಾಣಿ 1800-180-3024. ರೋಗಿಗಳೂ ನೇರ ಕರೆ ಮಾಡಬಹುದು.

ಹಳೆಯ ಯಂತ್ರಗಳ ವಿಷಯವನ್ನು ಬಿಡುವಂತಿಲ್ಲ. ಐವತ್ತು ಸಾವಿರ ಒಟ್ಟಿಗೆ ಹಾಕುವ ಶಕ್ತಿ ಎಲ್ಲರಿಗೂ ಇಲ್ಲ. ಬೀಡಿ ಕಟ್ಟುವವರ, ಆಟೊ ಓಡಿಸುವವರ ಮನೆಗಳಲ್ಲೂ ಈ ಕಾಯಿಲೆ ಇದೆ. ತೀರಿಕೊಂಡ ಹಿರಿಯರ ಯಂತ್ರ ಕೆಲವು ಮನೆಗಳಲ್ಲಿ ಸುಮ್ಮನೆ ಕೂತಿದೆ, ಅವರು ಕೊಡಲು ಸಿದ್ಧರಿರುತ್ತಾರೆ. ತೆಗೆದುಕೊಳ್ಳಿ, ಆದರೆ ನೋಡಿ ತೆಗೆದುಕೊಳ್ಳಿ. ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಯಂತ್ರದ ಮೆನುವಿನಲ್ಲೇ ಇರುತ್ತದೆ. ಫಿಲಿಪ್ಸ್ ಆದರೆ 2021ರ ಏಪ್ರಿಲ್ 26ಕ್ಕಿಂತ ಮೊದಲು ತಯಾರಾದದ್ದೇ, ಫೋಮ್ ಬದಲಿಸಲಾಗಿದೆಯೇ ಎಂದು ಸೀರಿಯಲ್ ನಂಬರ್ ಕೊಟ್ಟು ಕಂಪನಿಯಿಂದ ಖಚಿತ ಮಾಡಿಕೊಳ್ಳಿ. ಮಾಸ್ಕ್, ಟ್ಯೂಬ್, ಫಿಲ್ಟರ್, ನೀರಿನ ತೊಟ್ಟಿ ಹೊಸದು ಹಾಕಿಸಿ. ಊರಿನ ಒಳ್ಳೆಯ ಅಂಗಡಿಯವರು ತಾವು ಮಾರದ ಯಂತ್ರವನ್ನೂ ಸಣ್ಣ ಸರ್ವಿಸ್ ಚಾರ್ಜಿಗೆ ನೋಡಿಕೊಡುತ್ತಾರೆ. ಯಂತ್ರದೊಳಗೆ ಹಿಂದಿನವರ ಒತ್ತಡವೇ ಕೂತಿರುತ್ತದೆ. ಅದನ್ನು ಅಳಿಸಿ, ಹೊಸ ರೋಗಿಯ ಹೆಸರಿನ ಚೀಟಿಯಲ್ಲಿ ವೈದ್ಯರು ಬರೆದದ್ದನ್ನು ಹಾಕಿಸಿದ ಮೇಲೆಯೇ ಮಾಸ್ಕ್ ಹಾಕಿ ಮಲಗಬೇಕು.